ಕಿಟಕಿಗೊಂದು, ಅಂಗಳಕ್ಕೊಂದು ಗಿಡ

"ಅದು ಒಳಗಿಡೂ ಗಿಡ ಅಲ್ರಿ, ಹೊರಗಿಂದು! ದಿನಾ ಬಿಸಿಲು ಬೇಕದಕ್ಕ. ನಿಮ್ಮ ಕಿಟಕ್ಯಾಗ ಬಿಸಿಲು ಬರ್ತೈತೇನು?"

ಎಡಗಡೆಯಿಂದ ಬಂದ ದನಿಗೆ ಅರ್ಚನಾ ಬೆಚ್ಚಿಬಿದ್ದಳು. ಆ ಕಡೆಯಿಂದ ಯಾರು ಬಂದರೂ ಅವಳಿಗೆ ಹೀಗೇ. ಕೈಲಿದ್ದ ಕುಂಡವನ್ನು ಕೆಳಗಿಟ್ಟು, ಕಪ್ಪು ಕನ್ನಡಕ ಸರಿಮಾಡಿಕೊಂಡಳು.

ಅವನೇ... ಫೋಟೋದಲ್ಲಿ ನೋಡಿದ್ದ ಲಖನ! ಗೋಕಾಕದ ಈ ನರ್ಸರಿಯ ಮಾಲೀಕ. ಬರುವ ಸೋಮವಾರ ಅವಳ ಊರು ಹತ್ತರಗಿಗೆ ಅವಳನ್ನು ನೋಡಲು ಬರುವ ವರ.

"ಬರ್ತೈತ್ರಿ... ಇಲ್ಲ, ಬರಾಂಗಿಲ್ಲ."

"ಎರಡರಾಗ ಒಂದ ಹೇಳ್ರಿ!" ಅವನು ನಕ್ಕ. "ಹೆದರಬ್ಯಾಡ್ರಿ, ಇದೇನ ಪರೀಕ್ಷಾ ಅಲ್ಲ."

ಪರೀಕ್ಷೆಯೇ ಆಗಿತ್ತು ಅವಳಿಗೆ. ಎಡಗಣ್ಣು ಕಾಣುವುದಿಲ್ಲವೆಂದು ಮನೆಯವರು ವರನ ಕಡೆಯವರಿಗೆ ಹೇಳಿಯೇ ಇರಲಿಲ್ಲ. ಫೋಟೋ ಕೂಡ ಬಲಗಡೆಯಿಂದಲೇ ತೆಗೆಸಿದ್ದರು. 'ನೋಡಾಕ ಬಂದಾಗ ನಿನ್ನ ಎಡಗಡಿ ಗ್ವಾಡಿಗೆ ಮಾಡಿ ಕೂಡ್ರಸ್ತೇನಿ. ಮದುವ್ಯಾಗ ತಲಿ ಮ್ಯಾಲೆ ಅಕ್ಕಿಕಾಳು ಬೀಳೂ ತನಕ ಬಾಯಿ ಬಿಡಬ್ಯಾಡ,' ಎಂದಿದ್ದಳು ಅವ್ವ. ಟೇಲರ್ ಹತ್ತಿರ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದ್ದಳು ಅರ್ಚನಾ.

ಹೇಳಬೇಕು... ಇವತ್ತೇ ಹೇಳಬೇಕು. ಹೇಳಿದರೆ ಸೋಮವಾರ ಬರುತ್ತಾನೆಯೇ?

"ಒಳಗ ಇಡಾಕ ಇದನ್ನ ತಗೋರಿ." ಹಸಿರು ಹೂವಿನಂತೆ ಅರಳಿದ್ದ ಪುಟ್ಟ ಗಿಡವೊಂದನ್ನು ಕೈಗಿಟ್ಟ. "ಹಾವೋರ್ಥಿಯಾ ಅಂತಾರ. ಬಿಸಿಲು ಬ್ಯಾಡ, ಬೆಳಕ ಸಾಕು. ಮಣ್ಣು ಪೂರಾ ಒಣಗಿದ ಮ್ಯಾಲೆ ನೀರು ಹಾಕ್ರಿ. ಮಂದಿ ಪ್ರೀತಿ ಹೆಚ್ಚಾಗಿ ದಿನಾ ನೀರು ಸುರುವಿ ಕೊಲ್ತಾರ!"

ಅವಳ ತುಟಿಯಲ್ಲಿ ನಗು ಮೂಡಿತು.

"ಅಂಗಳಕ್ಕೊಂದು ನನ್ನ ಕಡೆಯಿಂದ," ಎನ್ನುತ್ತಾ ಲಖನ ಬದಿಯ ಕಳ್ಳಿಯ ಸಾಲಿನಿಂದ ಟೊಂಗೆಯೊಂದನ್ನು ಲಟಕ್ಕನೆ ಮುರಿದ. "ಇದನ್ನ ಊರಿದ್ರ ಸಾಕು..."

ಮುರಿದ ತುದಿಯಿಂದ ಬೆಳ್ಳಗೆ ಹಾಲು ಒಸರಿತು. ಅವನ ಬೆರಳ ಮೇಲೆ ಹರಿಯಿತು.

"ಬ್ಯಾಡ! ದೂರ ಸರೀರಿ!"

ಕೈಲಿದ್ದ ಕುಂಡ ನೆಲಕ್ಕೆ ಬಿತ್ತು. ಅರ್ಚನಾ ಗೇಟಿನತ್ತ ಓಡಿದಳು.

"ಅರ್ಚನಾ ಅವ್ರ..."

ಕಾಲುಗಳು ಅಲ್ಲೇ ನಿಂತವು. ಹೆಸರು ಹೇಗೆ ಗೊತ್ತು?!

"ಫೋಟೋದಾಗ ಕಂಡಿದ್ದ ಗದ್ದದ ಮ್ಯಾಲಿನ ಮಚ್ಚಿ ನೋಡಿ ಆವಾಗ್ಲೇ ಗುರ್ತು ಹಿಡದೆ." ಅವನ ದನಿ ಕುಸಿದಿತ್ತು. "ಹೋಗ್ರಿ, ಸಿಟ್ಟಿಲ್ಲ. ಮೊದಲಿನ ಎರಡು ಹೆಣ್ಣಿನ ಮನ್ಯಾವ್ರೂ ಈ ಕಳ್ಳಿ ಎಲ್ಲಾ ನೋಡಿ ಹಿಂಗ ಹೋದ್ರು. ಮುಳ್ಳಿನ ಗಿಡ ಇದ್ದ ಮನ್ಯಾಗ ಜಗಳ ತಪ್ಪಂಗಿಲ್ಲಂತ. ಸೋಮವಾರ ಹೆಂಗಾಗತೈತೋ ಅಂತ ನನಗೂ ಹೆದರಿಕಿ ಇತ್ತು..."

ಅಯ್ಯೋ, ಇವನು ಏನೆಂದುಕೊಂಡ!

"ಅಲ್ರಿ! ನನಗ ಮುಳ್ಳಿನ ಹೆದರಿಕಿ ಇಲ್ಲ. ಆ ಹಾಲಿಂದು!"

ಕನ್ನಡಕ ತೆಗೆದಳು. ಎಡಗಣ್ಣಿನ ಮೇಲೆ ಮಂಜಿನಂಥ ಪೊರೆ.

"ಏಳು ವರ್ಷದಾಕಿ ಇದ್ದೆ. ಘೋಡಗೇರ್ಯಾಗ ನಮ್ಮ ಅತ್ತಿ ಹೊಲದ ಬೇಲ್ಯಾಗ ಕಳ್ಳಿ ಮುರಕೊಂಡು ಆಡಿದ್ವಿ. ಅದ ಕೈಲೆ ಕಣ್ಣು ತಿಕ್ಕೊಂಡೆ. ಈ ಕಣ್ಣು ಕಾಣೂದಿಲ್ರಿ... ಮನ್ಯಾಗ ಮುಚ್ಚಿಟ್ಟಾರ. ಸೋಮವಾರ ಈ ಕಡಿ ಗ್ವಾಡಿಗೆ ಮಾಡಿ ಕೂಡ್ರಸ್ತಾರಂತ. ನನಗ ಮೋಸ ಮಾಡಾಕ ಮನಸ್ಸಾಗ್ಲಿಲ್ಲ."

ಲಖನ ಅವಳನ್ನೇ ನೋಡಿದ. ತನ್ನ ಬೆರಳು ನೋಡಿಕೊಂಡ. ತಿರುಗಿ ನಡೆದುಬಿಟ್ಟ.

ಹೋದ... ಮುಗಿಯಿತು.

ಹಿಂದಿನ ನಲ್ಲಿಯಲ್ಲಿ ನೀರಿನ ಸದ್ದು. ಸ್ವಲ್ಪ ಹೊತ್ತಿಗೆ ತೋಯ್ದ ಎರಡೂ ಅಂಗೈ ಮುಂದೆ ಚಾಚಿಕೊಂಡು ಬಂದ ಲಖನ, ನಾಲ್ಕು ಮಾರು ದೂರದಲ್ಲೇ ನಿಂತ.

"ಮೂರು ಸಲ ಸಾಬೂನು ಹಚ್ಚಿ ತೊಳದೇನಿ. ಈಗ ಹತ್ರ ಬರ್ಲೇನ್ರಿ?"

ಅವಳ ಕಣ್ಣು ತುಂಬಿ ಬಂತು. ತಲೆಯಾಡಿಸಿದಳು.

"ಸೋಮವಾರ... ಬರ್ತೀರೇನು?"

"ಬರ್ತೇನಿ. ಗ್ವಾಡಿ ಬಾಜೂ ಕೂಡಬ್ಯಾಡ್ರಿ, ನಡುಮನ್ಯಾಗ ಕೂಡ್ರಿ. ಕಳ್ಳಿ ಎಲ್ಲಾ ಇವತ್ತ ತಂತಿ ಬೇಲಿ ಆಚೆ ಇಡಸ್ತೇನಿ."

"ನಿಮ್ಮ ಅವ್ವಾರು ಒಲ್ಲೆ ಅಂದ್ರ?"

"ಆಕಿಗೆ ಎರಡೂ ಕಣ್ಣಿದ್ರೂ ಸೂಜಿಗೆ ದಾರ ಪೋಣಸಾಕ ಬರಾಂಗಿಲ್ಲ. ನಿಮಗೇನಂತಾಳ? ಅಂದ್ರೂ ನಾನ ಮಾತಾಡ್ತೇನಿ."

"ನಿಮಗ ನಾ ಕಡಿಮಿ ಅನಸೂದಿಲ್ಲೇನು?"

"ಮದುವ್ಯಾಗ ಹೆಣ್ಣು ಎಡಕ್ಕ ಕೂಡ್ತಾಳಲ್ರಿ? ಅಂದ್ರ ನಾ ನಿಮ್ಮ ಬಲಕ್ಕ. ಪೂರಾ ಕಾಣ್ತೇನಿ!"

ಅಳುತ್ತಲೇ ನಕ್ಕುಬಿಟ್ಟಳು ಅರ್ಚನಾ. ನೆಲದತ್ತ ನೋಡಿ ಕೇಳಿದಳು: "ಆ ಗಿಡ ಸತ್ತಿತೇನ್ರಿ?"

"ಕುಂಡ ಅಷ್ಟ ಒಡದೈತಿ. ಬ್ಯಾರೆ ಕುಂಡದಾಗ ಹಾಕಿ ಕೊಡ್ಲ್ಯಾ?"

"ಹಾಕ್ರಿ... ಆದ್ರ ಇಲ್ಲೇ ಇರ್ಲಿ. ನಿಮ್ಮ ಮನಿ ಕಿಟಕ್ಯಾಗ ಎಲ್ಲಿಡಬೇಕು ಅಂತ ಆಮ್ಯಾಲೆ ನಾನ ನೋಡ್ತೇನಿ."

ರಸ್ತೆಯಾಚೆ ಹತ್ತರಗಿ ಬಸ್ಸು ಬಂದು ನಿಂತಿತು. ಇಬ್ಬರೂ ರಸ್ತೆಗಿಳಿದರು. ಎಡದಿಂದ ಕಬ್ಬಿನ ಟ್ರ್ಯಾಕ್ಟರೊಂದು ಗುಡುಗುಡು ಬರುತ್ತಿತ್ತು. ಸದ್ದು ಕೇಳಿದ್ದೇ ಅರ್ಚನಾಳ ಹೆಜ್ಜೆ ತಡವರಿಸಿತು.

ಲಖನ ಅವಳ ಹಿಂದಿನಿಂದ ಸುತ್ತಿ ಬಂದು, ಎಡಗಡೆಗೆ ನಿಂತುಕೊಂಡ.