ಮೂಳೆಪುಡಿಯ ಸೀಸೆ

"ಸೀಸೆ ಇಲ್ಲ!"

ನರ್ಸಮ್ಮ ಸ್ಟೀಲ್ ತಟ್ಟೆಯನ್ನು ಮತ್ತೊಮ್ಮೆ ತಡಕಾಡಿದರು. ಕತ್ತರಿ, ಚಿಮಟ, ಹತ್ತಿ — ಎಲ್ಲ ಇತ್ತು. ಮೂಳೆಪುಡಿ ತುಂಬಿದ ಪುಟ್ಟ ಸೀಸೆ ಮಾತ್ರ ಮಾಯ.

ಕುರ್ಚಿಯಲ್ಲಿ ಮಲಗಿದ್ದವರು ನಿವೃತ್ತ ಇನ್ಸ್‌ಪೆಕ್ಟರ್. ಅವರ ಮುಂದಿನ ಹಲ್ಲಿಗೆ ಎರಡು ಸಲ ರೂಟ್ ಕೆನಾಲ್ ಆಗಿತ್ತು. ಆದರೂ ಬೇರಿನ ತುದಿಯಲ್ಲಿ ಕೀವು ನಿಂತಿರಲಿಲ್ಲ. ಇವತ್ತು ಒಸಡು ಸೀಳಿ, ಕೊಳೆತದ್ದನ್ನು ಕೆರೆದು, ಆ ಗುಳಿಗೆ ಮೂಳೆಪುಡಿ ತುಂಬಬೇಕಿತ್ತು. ಅದರ ಆಸರೆಯಲ್ಲಿ ಸ್ವಂತ ಮೂಳೆ ಬೆಳೆಯುತ್ತದೆ ಎಂದಿದ್ದರು ಡಾಕ್ಟರ್.

ಈಗ ಒಸಡು ತೆರೆದೇ ಇತ್ತು. ಬಾಯಲ್ಲಿ ತುಟಿ ಎಳೆದು ಹಿಡಿದ ಕೊಕ್ಕೆ, ಕಣ್ಣ ಮೇಲೆ ಹಸಿರು ಬಟ್ಟೆ. ಏಳುವಂತಿಲ್ಲ, ನುಂಗುವಂತಿಲ್ಲ, ಮಾತಂತೂ ದೂರ. ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗಿದ್ದವರು ಇನ್ನು ಮೂವರೇ — ಹಿರಿಯ ಡಾಕ್ಟರ್, ಅವರ ಕೈಕೆಳಗೇ ದಂತವೈದ್ಯೆಯಾಗಿದ್ದ ಸೊಸೆ, ನರ್ಸಮ್ಮ.

"ಇದ್ದದ್ದು ಒಂದೇ ಸೀಸೆ!" ಡಾಕ್ಟರ್ ಗುಡುಗಿದರು. "ತಟ್ಟೆ ಜೋಡಿಸಿದ್ದು ಯಾರು?"

"ನಾನೇ ಸಾರ್. ಇಟ್ಟಿದ್ದೆ — ನನ್ನ ಕಣ್ಣಾಣೆಗೂ."

"ಹಾಗಾದ್ರೆ ರೆಕ್ಕೆ ಬಂತಾ ಅದಕ್ಕೆ? ಸರಿ, ಹೊಲಿದುಬಿಡೋಣ. ಒಂದು ತಿಂಗಳು ಬಿಟ್ಟು ನೋಡೋಣ. ನರ್ಸಮ್ಮ, ನೀವು ನಾಳೆಯಿಂದ ಬರೋದು ಬೇಡ."

ನರ್ಸಮ್ಮನದು ಹನ್ನೊಂದು ವರ್ಷದ ಕೆಲಸ!

ಆಗ ಇನ್ಸ್‌ಪೆಕ್ಟರ್ ಕಣ್ಣ ಮೇಲಿನ ಬಟ್ಟೆ ಕಿತ್ತೆಸೆದರು. ನೋವಾದರೆ ಬರೆದು ತಿಳಿಸಲೆಂದು ಕೊಟ್ಟಿದ್ದ ಪುಸ್ತಕದಲ್ಲಿ ಗೀಚಿದರು. ಸೊಸೆ ಓದಿದಳು: "ಹೊಲಿಗೆ ಬೇಡ. ಸೀಸೆ ಕೊನೆಗೆ ನೋಡಿದ್ದು ಯಾರು?"

"ನಾನು," ಎಂದಳು ಅವಳೇ. "ಒಸಡು ಸೀಳೋ ಮುಂಚೆ ಅದರ ತಾರೀಖು ಓದಿದೆ. ಆಮೇಲೆ ರಕ್ತ ಹೀರೋ ಪೈಪು ಹಿಡಿದು ನಿಂತವಳು ತಲೆ ಎತ್ತಿಲ್ಲ."

ಪೆನ್ನು ನರ್ಸಮ್ಮನ ಕಡೆ ತಿರುಗಿತು.

"ನಾನು ತಟ್ಟೆ ಬಿಟ್ಟು ಹೋದದ್ದು ಒಂದೇ ಸಲ, ಬೀರುವಿಗೆ. ಸೂಜಿದಾರ ತರೋಕೆ."

"ಯಾಕೆ?" ಎಂದು ಪುಸ್ತಕದಲ್ಲಿ ಮೂಡಿತು.

"ಕೊಡಿ ಅಂತ ಡಾಕ್ಟ್ರು ಕೈ ಚಾಚಿದ್ರಲ್ಲ."

"ಇದೇನು ಪೊಲೀಸ್ ಠಾಣೆನಾ?" ಡಾಕ್ಟರ್ ಸಿಡುಕಿದರು. "ಮರಗಟ್ಟಿದ್ದು ಬಿಡುತ್ತೆ, ಆಮೇಲೆ ನೀವೇ ಒದ್ದಾಡ್ತೀರಿ!"

ನಿಜ. ಮೇಲ್ತುಟಿಯಲ್ಲಿ ಇರುವೆ ಹರಿದಂತೆ ಶುರುವಾಗಿತ್ತು. ಆದರೂ ಇನ್ಸ್‌ಪೆಕ್ಟರ್ ಬರೆದರು. ಓದುತ್ತ ಓದುತ್ತ ಸೊಸೆಯ ದನಿ ಕುಗ್ಗಿತು.

"ಹೊಲಿಗೆ ಕೊನೇ ಕೆಲಸ. ಗುಳಿ ತುಂಬಿದ ಮೇಲಿನದು. ಸೂಜಿದಾರ ಕೇಳಿದಾಗ ಸೀಸೆ ಕಳೆದದ್ದು ಯಾರಿಗೂ ಗೊತ್ತಿರಲಿಲ್ಲ. ಗುಳಿ ತುಂಬೋದೇ ಇಲ್ಲ ಅಂತ ಒಬ್ಬರಿಗೆ ಮಾತ್ರ ಗೊತ್ತಿತ್ತು. ನರ್ಸಮ್ಮ ಅತ್ತ ಹೋದ ಕೂಡಲೇ ಡಾಕ್ಟರ ಕಾಲ ಬಳಿ ಕಸದ ಡಬ್ಬಿ ಟಪ್ ಅಂತು. ನನ್ನ ಕಣ್ಣು ಮುಚ್ಚಿದ್ದಿರಿ — ಕಿವಿ ಮುಚ್ಚಿರಲಿಲ್ಲ."

ನರ್ಸಮ್ಮ ಡಬ್ಬಿ ತೆರೆದರು. ನೆತ್ತರು ಮೆತ್ತಿದ ಹತ್ತಿಯ ಕೆಳಗೆ ಸೀಸೆ ಇತ್ತು. ಸೀಲು ಒಡೆದಿರಲಿಲ್ಲ.

"ಮಾವ — ಯಾಕೆ?"

ಡಾಕ್ಟರ್ ಕುಸಿದು ಕೂತರು. "ಬೇರು ಸೀಳಿದೆ. ಕೂದಲೆಳೆ ಸೀಳು, ಆ ಹಲ್ಲು ಕೀಳದೆ ಬೇರೆ ದಾರಿಯಿಲ್ಲ. ಭೂತಗನ್ನಡಿ ಇದ್ದದ್ದು ನನ್ನ ಕಣ್ಣಿಗೆ ಮಾತ್ರ. ಕಳೆದ ಸಲ ಹಲ್ಲು ಗಟ್ಟಿಯಾಗಲಿ ಅಂತ ಲೋಹದ ಕಡ್ಡಿ ತೂರಿಸಿದ್ದು ನಾನೇ, ಬಲವಾಗಿ ಒತ್ತಿಬಿಟ್ಟೆ. ಇನ್ನು ಪುಡಿ ತುಂಬಿದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ತುಂಬದೆ ಬಿಟ್ರೆ ಯಾಕೆ ಅಂತ ನೀನು ಕೇಳ್ತಿದ್ದೆ. ಮೂವತ್ತು ವರ್ಷದ ಹೆಸರು... ಒಂದು ತಿಂಗಳು ಸಿಕ್ಕಿದ್ರೆ ಹೇಗಾದ್ರೂ ಹೇಳಬಹುದು ಅನ್ನಿಸ್ತು."

ಇನ್ಸ್‌ಪೆಕ್ಟರ್ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು — ನೋವಿಗೋ, ಮತ್ತಾವುದಕ್ಕೋ. ಎರಡೇ ಪದ ಬರೆದರು: "ಕಿತ್ತುಬಿಡಿ. ನೀವು." ಪೆನ್ನಿನ ತುದಿ ಸೊಸೆಯತ್ತ ಇತ್ತು.

ಅವಳು ಮತ್ತೆ ಮರಗಟ್ಟಿಸುವ ಸೂಜಿ ಚುಚ್ಚಿ, ಇಕ್ಕಳ ಎತ್ತಿಕೊಂಡಳು. ಡಾಕ್ಟರ್ ಮೆಲ್ಲಗೆ ಎದ್ದು ಚಿಲಕಕ್ಕೆ ಕೈ ಹಾಕಿದರು.

"ಎಲ್ಲಿಗೆ ಮಾವ?" ಅವಳು ತಿರುಗಿ ನೋಡಲಿಲ್ಲ. "ಮೊದಲು ನರ್ಸಮ್ಮನ ಹತ್ರ ತಪ್ಪಾಯ್ತು ಅನ್ನಿ. ಆಮೇಲೆ ಕೈ ತೊಳೆದು ಬನ್ನಿ. ಪೈಪು ಹಿಡಿಯೋಕೆ ಒಬ್ಬರು ಬೇಕು."