ಅರವತ್ತನೆಯ ಸೀರೆ

ಬಾಳೆ ಎಲೆಯ ಕಟ್ಟು ಹಿಡಿದು ಗಿರಿಜಾ ಅಚ್ಯುತನ ಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಹೊಗೆ ಬರುತ್ತಿತ್ತು. ಅದು ಒಗ್ಗರಣೆಯ ಹೊಗೆಯಲ್ಲ.

ಅಡುಗೆಮನೆಯ ನೆಲದಲ್ಲಿ ಯಶೋದಾ ಬಿದ್ದಿದ್ದಳು. ಮೈಮೇಲೆ ಒದ್ದೆ ಕಂಬಳಿ. ಪಕ್ಕದಲ್ಲಿ ಗಂಡ ಅಚ್ಯುತ ಮೊಣಕಾಲೂರಿ ಕೂತಿದ್ದ.

"ಜೀವ ಇದೆ! ಯಾರಾದ್ರೂ ಗಾಡಿ ತನ್ನಿ!" ಗಿರಿಜಾ ಬೀದಿಗೆ ಓಡಿ ಕೂಗಿದಳು.

1967. ಪಿತೃಪಕ್ಷದ ಕೊನೆಯ ವಾರ, ಭಾನುವಾರ. ಅಹಮದಾಬಾದಿನ ಖಾಡಿಯಾ ಬಡಾವಣೆಯ ಒಂದು ಪೋಳ, ಮನೆಗೆ ಮನೆ ಅಂಟಿದ ಇಕ್ಕಟ್ಟಾದ ಓಣಿ. ಅಂದು ಅಚ್ಯುತನ ತಂದೆಯ ಶ್ರಾದ್ಧ. ಅಚ್ಯುತ ಕೇಂದ್ರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೆಕ್ಯಾನಿಕ್. ಯಶೋದಾ ಉಡುಪಿ ಕಡೆಯವಳು. ಗಿರಿಜಾ ಮೈಸೂರಿನವಳು, ಗಿರಣಿಗಳ ಪ್ರಯೋಗಾಲಯದಲ್ಲಿ ನೂಲು ಪರೀಕ್ಷಿಸುವ ಕೆಲಸ. ವಯಸ್ಸು ಮೂವತ್ತು, ಬಾಯಿ ಸ್ವಲ್ಪ ಜೋರು. ಅವತ್ತು ಊಟಕ್ಕೆಂದು ಬಂದವಳು ಗೆಳತಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದಳು.

ಮಧ್ಯಾಹ್ನ ಗಿರಿಜಾ ಆಸ್ಪತ್ರೆಯಿಂದ ಆ ಮನೆಗೆ ಮರಳುವ ಹೊತ್ತಿಗೆ ಸಬ್ ಇನ್ಸ್‌ಪೆಕ್ಟರ್ ಝಾಲಾ ತೀರ್ಮಾನಕ್ಕೆ ಬಂದಾಗಿತ್ತು.

"ಸ್ಟವ್ ನೆಟ್ಟಗೆ ನಿಂತಿದೆ. ಟ್ಯಾಂಕ್ ಒಡೆದಿಲ್ಲ. ಹೆಂಗಸು ಉಟ್ಟದ್ದು ರೇಷ್ಮೆ. ರೇಷ್ಮೆ ಹೀಗೆ ಭಗ್ಗನೆ ಹತ್ತುವುದಿಲ್ಲ, ಅಷ್ಟು ನನಗೂ ಗೊತ್ತು. ಯಾರೋ ಸೀಮೆಎಣ್ಣೆ ಸುರಿದಿದ್ದಾರೆ."

"ಯಾರೋ ಅಂದ್ರೆ?"

"ಮನೆಯಲ್ಲಿದ್ದವನು ಗಂಡ ಒಬ್ಬನೇ. ನಿನ್ನೆ ಸಂಜೆ ಜೋರು ಜಗಳ, ಇಡೀ ಪೋಳ ಕೇಳಿದೆ. ಅವನ ಕೈ ನೋಡಿ ಬೆಹೆನ್‌ಜಿ, ಒಂದು ಬೊಬ್ಬೆಯೂ ಇಲ್ಲ."

"ಕಂಬಳಿ ಒದ್ದೆ ಮಾಡಿ ಹೊದಿಸಿದೆ," ಎಂದ ಅಚ್ಯುತ. ಝಾಲಾ ಅದನ್ನು ಬರೆದುಕೊಳ್ಳಲೂ ಇಲ್ಲ.

ಯಶೋದಾ ಕಣ್ಣು ಬಿಡದೆ ಹೋದರೆ ಅಚ್ಯುತ ಕೊಲೆಗಾರ. ಆ ಮನುಷ್ಯ ಹೆಂಡತಿಯ ಮೇಲೆ ದನಿ ಎತ್ತಿದ್ದನ್ನೇ ಗಿರಿಜಾ ಕಂಡಿರಲಿಲ್ಲ.

"ಜಗಳ ಯಾತಕ್ಕೆ ಅಚ್ಯುತ?"

"ಸೀರೆಗೆ. ಹಳೇ ಮಡಿ ಸೀರೆ ನಿನ್ನೆ ಒಗೆಯುವಾಗ ಹರಿದು ಹೋಯಿತು. ಸಂಜೆ ರತನ್‌ಪೋಳದ ಬಟ್ಟೆ ಬಜಾರಿಗೆ ಹೋಗಿ, ಚಂಪಕ್‌ಲಾಲ್ ಸೇಠನ ಅಂಗಡಿಯಿಂದ ಹೊಸದು ತಂದಳು. ಇಷ್ಟು ಅಗ್ಗಕ್ಕೆ ಅಪ್ಪಟ ರೇಷ್ಮೆ ಎಲ್ಲಿ ಸಿಗ್ತದೆ, ವಾಪಸ್ ಕೊಡು ಅಂದೆ. ಕೇಳಲಿಲ್ಲ. ನಾನೂ ಸಿಟ್ಟಿನಲ್ಲಿ ಕೂಗಾಡಿದೆ."

ಅವನನ್ನು ಠಾಣೆಗೆ ಕರೆದುಕೊಂಡು ಹೋದರು. ಗಿರಿಜಾ ಮಾತ್ರ ಅಡುಗೆಮನೆಗೆ ಹಿಂತಿರುಗಿದಳು. ಬರಿಗಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದಳು. ನೆಲದ ತುಂಬ ಸಣ್ಣ ಸಣ್ಣ ಕಪ್ಪು ಮಣಿಗಳು. ಒಂದನ್ನು ಉಗುರಿನಿಂದ ಒತ್ತಿದಳು. ಪುಡಿಯಾಗಲಿಲ್ಲ.

* * *

ಸೋಮವಾರ ಆಸ್ಪತ್ರೆಯ ಜಗಲಿಯಲ್ಲಿ ಒಬ್ಬ ನಿಂತಿದ್ದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಎಳನೀರು.

"ನಾನು ಮಾಧವ. ಉಡುಪಿ ಹೋಟೆಲಿನ ಮಾಳಿಗೆಯಲ್ಲಿ ಇರುವುದು. ನಮ್ಮ ಊರಿನವರಿಗೆ ಹೀಗಾಯಿತಂತೆ ಅಂತ ಕೇಳಿದೆ ಮಾರಾಯ್ರೆ. ಬದುಕ್ತಾರಲ್ಲ?"

"ಡಾಕ್ಟರು ಏನೂ ಹೇಳ್ತಿಲ್ಲ."

ಮಾಧವನ ಕಣ್ಣು ತುಂಬಿತು. ಪರವೂರಿನಲ್ಲಿ ಎಂಥ ಒಳ್ಳೆಯ ಮನುಷ್ಯ ಎಂದುಕೊಂಡಳು ಗಿರಿಜಾ.

ನರ್ಸನ್ನು ಕಾಡಿಬೇಡಿ, ಯಶೋದಾಳ ಮೈಯಿಂದ ಕತ್ತರಿಸಿ ತೆಗೆದ ಸೀರೆಯ ತುಂಡನ್ನು ಪಡೆದಳು. ಸೊಂಟಕ್ಕೆ ಸಿಕ್ಕಿಸಿದ ಒಳತುದಿ ಮಾತ್ರ ಉಳಿದಿತ್ತು. ಹಸಿರು ಮೈ, ಸಾಸಿವೆ ಬಣ್ಣದ ಅಂಚು. ತುದಿಯಲ್ಲಿ ಕತ್ತರಿಯ ನೇರ ಗುರುತು. ಎರಡು ಬೆರಳಗಲ ಯಾರೋ ಕತ್ತರಿಸಿದ್ದರು. ಹೊಲಿದಿರಲೂ ಇಲ್ಲ.

ನೇರ ಠಾಣೆಗೆ ಹೋದಳು. ಝಾಲಾನ ಮೇಜಿನ ಮೇಲೆ ಎರಡು ನೂಲು ಇಟ್ಟಳು.

"ಇದು ನನ್ನ ಧರ್ಮಾವರಂ ಸೀರೆಯದು. ಕಡ್ಡಿ ಗೀರಿ ಸಾಹೇಬ್ರೇ."

ನೂಲು ಮುದುಡಿ ಉರಿಯಿತು, ಕಡ್ಡಿ ತೆಗೆದೊಡನೆ ಆರಿತು. ಕೂದಲು ಸುಟ್ಟ ವಾಸನೆ. ಬೂದಿ ಬೆರಳಲ್ಲಿ ಪುಡಿಯಾಯಿತು.

"ಇದು ಯಶೋದಾ ಉಟ್ಟಿದ್ದು."

ಎರಡನೆಯದು ಕಾಗದದ ಹಾಗೆ ಸರ್ರನೆ ಹತ್ತಿತು. ಆಮೇಲೆ ಕರಗಿ ಮೇಜಿನ ಮೇಲೆ ತೊಟ್ಟಿಕ್ಕಿತು. ಕಪ್ಪು ಮಣಿ.

"ಕೃತಕ ರೇಷ್ಮೆಗೆ ನೈಲಾನ್ ಸೇರಿಸಿ ನೇಯ್ದದ್ದು. ಉರಿಯೋಕೆ ಇದಕ್ಕೆ ಸೀಮೆಎಣ್ಣೆ ಬೇಡ, ಸ್ಟವ್‌ನ ಒಂದು ನಾಲಿಗೆ ಸಾಕು. ಕರಗಿ ಮೈಗೆ ಅಂಟಿಕೊಂಡಿದೆ."

ಝಾಲಾ ಮಣಿಯನ್ನು ಪೆನ್ಸಿಲ್ ತುದಿಯಿಂದ ಒತ್ತಿದ. ಪುಡಿಯಾಗಲಿಲ್ಲ.

"ಹಾಗಾದರೆ ಅಪಘಾತ?"

"ಕತ್ತರಿ ತಾನಾಗೇ ನಡೆಯುತ್ತಾ?" ಗಿರಿಜಾ ಸೀರೆ ತುಂಡಿನ ಕತ್ತರಿಸಿದ ತುದಿಯನ್ನು ಮುಂದಿಟ್ಟಳು.

* * *

ಮಂಗಳವಾರ ರತನ್‌ಪೋಳದ ಚಂಪಕ್‌ಲಾಲ್ ಸೇಠನ ಅಂಗಡಿಯಲ್ಲಿ ನೊಣ ಹೊಡೆಯುವಷ್ಟು ಬಿಡುವು. ಪಕ್ಷದ ಹದಿನೈದು ದಿನ ಇಲ್ಲಿಯ ಜನ ಹೊಸ ಬಟ್ಟೆ ಮುಟ್ಟುವುದಿಲ್ಲ. ಬಿಳಿ ಹಾಸಿನ ಮೇಲೆ ನಾಲ್ಕು ಜನ ಮಾರಾಟಗಾರರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಗೋಡೆಯ ಮೇಲೆ ಕಪ್ಪು ಹಲಗೆ. ತಿಂಗಳಿಗೆ ತಲಾ ಅರವತ್ತು ಸೀರೆ ಗುರಿ. ಮುಟ್ಟದವನ ಹೆಸರು ಕೆಂಪು ಸೀಮೆಸುಣ್ಣದಲ್ಲಿ. ಎರಡು ತಿಂಗಳು ಕೆಂಪಾದರೆ ಮನೆಗೆ. ಸೇಠ ಮುಂಬಯಿಗೆ ಹೋಗಿ ಕಲಿತು ಬಂದ ಹೊಸ ವಿದ್ಯೆ ಇದು. ಪಕ್ಷ ಬಂದರೂ ಗುರಿ ಇಳಿದಿರಲಿಲ್ಲ.

ಝಾಲಾನನ್ನು ಕರೆದುಕೊಂಡು ಬಂದಿದ್ದ ಗಿರಿಜಾ ಸೀರೆಯ ತುಂಡು ಬಿಚ್ಚಿದಳು. ಸೇಠ ಕಪಾಟಿನಿಂದ ಅದರದೇ ಜೋಡಿಯನ್ನು ತೆಗೆದ. ಹಸಿರು ಮೈ, ಸಾಸಿವೆ ಅಂಚು. ಒಳತುದಿಯಲ್ಲಿ ದೊಡ್ಡ ಮುದ್ರೆ: ಸೂರತ್, ಆರ್ಟ್ ಸಿಲ್ಕ್. ಕೃತಕ ರೇಷ್ಮೆಗೆ ಅಂಗಡಿಯವರ ಹೆಸರು.

"ನೋಡಿ, ಮುಚ್ಚುಮರೆ ಇಲ್ಲ. ನಾವು ಮುದ್ರೆ ಕತ್ತರಿಸುವವರಲ್ಲ."

ಹಲಗೆಯಲ್ಲಿ ಮೊದಲ ಹೆಸರು ಹಸ್ಮುಖನದು. ಗಿರಾಕಿ ಹೊರಡದಂತೆ ಚಪ್ಪಲಿಯ ಮೇಲೆ ಕೂತಾದರೂ ಮಾರುವವನು ಎಂದು ಬಜಾರಿನಲ್ಲೇ ಹೆಸರು. ಗಿರಿಜಾ ಅವನತ್ತ ತಿರುಗಿದಳು.

"ಕತ್ತರಿಸಿದ್ದು ನೀನಾ?"

ಹಸ್ಮುಖ ನಕ್ಕುಬಿಟ್ಟ. "ನಾನ್ಯಾಕೆ ಕತ್ತರಿಸಲಿ ಬೆಹೆನ್? ನಮ್ಮ ಹೆಂಗಸರು ಸೂರತ್ ಮುದ್ರೆ ಕೇಳಿ ಕೊಳ್ಳುತ್ತಾರೆ. ತೋರಿಸಿಯೇ ಮಾರುತ್ತೇನೆ."

ಅವನ ಮಾತು ಸರಿಯಾಗಿತ್ತು. ನಾಲ್ಕನೆಯ ಮಾರಾಟಗಾರನನ್ನು ಗಿರಿಜಾ ಆಗ ಸರಿಯಾಗಿ ನೋಡಿದಳು. ಇಸ್ತ್ರಿ ಮಾಡಿದ ಅಂಗಿ.

"ಮಾಧವ! ನೀವು ಇಲ್ಲಿ ಕೆಲಸಕ್ಕಿರೋದಾ?"

ಮಾಧವ ಎದ್ದು ನಿಂತ. ಎಲ್ಲರ ಮುಂದೆ ಹಿಂದಿಯಲ್ಲೇ ಹೇಳಿದ. "ಹೌದು. ಆ ಅಕ್ಕ ನನ್ನ ಹತ್ತಿರವೇ ಬಂದದ್ದು. ಆರ್ಟ್ ಸಿಲ್ಕ್ ಅಂತ ಹೇಳಿಯೇ ಕೊಟ್ಟದ್ದು ನಾನು. ಮುದ್ರೆ ಚಂದ ಕಾಣುವುದಿಲ್ಲ ಅಂತ ಅವರೇ ಕತ್ತರಿಸಿರಬಹುದು."

"ಇರಬಹುದು." ಗಿರಿಜಾಳ ದನಿ ಮೆತ್ತಗಾಯಿತು. "ಪಕ್ಷದಲ್ಲಿ ಹೊಸ ಸೀರೆ ಯಾಕೆ ಬೇಕಿತ್ತಂತೆ ಅವಳಿಗೆ?"

"ಪಾಪ, ಮಡಿ ಸೀರೆ ಹರಿದು ಹೋಗಿತ್ತಂತೆ. ಮಾರನೇ ದಿನ ಶ್ರಾದ್ಧದ ಅಡುಗೆಗೆ..."

ಮಾಧವ ಅಲ್ಲಿಗೇ ಮಾತು ನಿಲ್ಲಿಸಿದ. ಆದರೆ ತಡವಾಗಿತ್ತು.

ಗಿರಿಜಾ ಝಾಲಾನ ಕಡೆ ತಿರುಗಿದಳು.

"ಕೇಳಿದ್ರಲ್ಲ ಸಾಹೇಬ್ರೇ? ನಮ್ಮವರು ಶ್ರಾದ್ಧಕ್ಕೆ ಮಡಿಯಲ್ಲಿ ಅಡುಗೆ ಮಾಡ್ತಾರೆ. ಮಡಿಗೆ ಅಪ್ಪಟ ರೇಷ್ಮೆ ಆಗಬೇಕು. ಆರ್ಟ್ ಸಿಲ್ಕ್ ಅಂತ ಬಾಯಿಬಿಟ್ಟು ಹೇಳಿದ್ರೆ ಯಶೋದಾ ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಹಸ್ಮುಖನಿಗೆ ಮಡಿ ಅಂದ್ರೇನು ಅಂತಲೇ ಗೊತ್ತಿಲ್ಲ, ಮುದ್ರೆ ಅವನಿಗೆ ಅಡ್ಡಿಯಲ್ಲ. ಈ ಅಂಗಡಿಯಲ್ಲಿ ಆ ಮುದ್ರೆ ಅಡ್ಡ ಬಂದದ್ದು ಒಬ್ಬನಿಗೆ, ಒಬ್ಬ ಗಿರಾಕಿಯ ಮುಂದೆ. ಮಡಿ ಗೊತ್ತಿದ್ದವನಿಗೆ. ಇನ್ನು ಜಗಳ. ಇದು ಅಪ್ಪಟ ಅಲ್ಲ ಅಂತ ಅಚ್ಯುತ ಕೂಗಾಡಿದ, ಹೌದು ಅಂತ ಯಶೋದಾ ಹಟ ಹಿಡಿದಳು. ತಾನೇ ಮುದ್ರೆ ಕತ್ತರಿಸಿದವಳು ಹಾಗೆ ಹಟ ಹಿಡೀತಾಳಾ?"

ಮಾಧವ ಹಾಸಿನ ಮೇಲೆ ಕುಸಿದ.

"ಐವತ್ತೊಂಬತ್ತು ಆಗಿತ್ತು," ಎಂದ. "ತಿಂಗಳ ಕೊನೇ ದಿನ. ಅದರ ಹಿಂದಿನ ತಿಂಗಳು ಕೆಂಪು ಬಿದ್ದಿತ್ತು. ಊರಲ್ಲಿ ಹೆಂಡತಿ, ಎರಡು ಮಕ್ಕಳು. ಅಪ್ಪಟ ರೇಷ್ಮೆಗೆ ಅಕ್ಕನ ಹತ್ತಿರ ದುಡ್ಡು ಸಾಲಲಿಲ್ಲ, ಎದ್ದು ಹೊರಟರು. ಬಾಗಿಲ ತನಕ ಹೋಗಿ ಕರೆದೆ. ಒಳಗೆ ಅಗ್ಗದ ಅಪ್ಪಟ ರೇಷ್ಮೆ ಒಂದು ಉಳಿದಿದೆ ಅಂದೆ. ಹಿಂದೆ ಹೋಗಿ ಕತ್ತರಿಸಿದೆ. ಬೆಂಕಿಯ ಯೋಚನೆ ದೇವರಾಣೆ ಬರಲಿಲ್ಲ. ಮೈಲಿಗೆ ಆಗುವುದಷ್ಟೆ, ಯಾರಿಗೆ ಗೊತ್ತಾಗ್ತದೆ ಅಂತ..."

"ಎರಡು ದಿನ ಅವಳ ಗಂಡ ಲಾಕಪ್ಪಿನಲ್ಲಿ ಕೂತಿದ್ದ. ನೀನು ಎಳನೀರು ತಂದೆ!"

ಸೇಠ ಎರಡೂ ಕೈ ಎತ್ತಿದ. "ಸುಳ್ಳು ಹೇಳಿ ಮಾರು ಅಂತ ನಾನು ಯಾವತ್ತೂ ಹೇಳಿಲ್ಲ!"

"ಪಕ್ಷದ ತಿಂಗಳಲ್ಲಿ ಸುಳ್ಳು ಹೇಳದೆ ಅರವತ್ತು ಮಾರೋದು ಹೇಗೆ ಅಂತ ಹೇಳಿದ್ರಾ?"

ಸೇಠ ಬಿಚ್ಚಿದ ಸೀರೆಯನ್ನು ಮಡಚತೊಡಗಿದ. ಕಾನೂನಿಗೆ ಅವನು ಬೇಕಾಗಿರಲಿಲ್ಲ. ಝಾಲಾ ಮಾಧವನ ತೋಳು ಹಿಡಿದು ಹೊರಟ. ಹಸ್ಮುಖನೂ ಉಳಿದಿಬ್ಬರೂ ನೆಲ ನೋಡುತ್ತಾ ಕೂತಿದ್ದರು. ಅವರ ಮುಖದಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

* * *

ಬುಧವಾರ ಯಶೋದಾ ಕಣ್ಣು ತೆರೆದಳು. ಬದುಕುತ್ತಾಳೆ, ಬಲಗೈ ಮಾತ್ರ ಮೊದಲಿನಂತಾಗದು ಎಂದರು ಡಾಕ್ಟರು. ಬಿಡುಗಡೆಯಾಗಿ ಬಂದ ಅಚ್ಯುತ ಮಂಚದ ಪಕ್ಕ ಕೂತು ಮಗುವಿನಂತೆ ಅತ್ತ. ಝಾಲಾ ಹೇಳಿಕೆ ಬರೆದುಕೊಳ್ಳಲು ನಿಂತಿದ್ದ. ಗಿರಿಜಾ ಹಿಂದಿಗೆ ತಿರುಗಿಸಿ ಹೇಳುತ್ತಿದ್ದಳು.

"ಗಂಡ ಬೇಡ ಅಂದರೂ ಆ ಸೀರೆ ಯಾಕೆ ಇಟ್ಟುಕೊಂಡರಂತೆ? ಕೇಳಿ," ಎಂದ ಝಾಲಾ.

ಯಶೋದಾಳ ದನಿ ಗಾಳಿಯಷ್ಟೇ ಇತ್ತು.

"ಮೂರು ಸಲ ಕೇಳಿದೆ. ಮಡಿಗೆ ಆಗ್ತದಾ, ಅಪ್ಪಟವಾ ಅಂತ. ಹೌದಕ್ಕ, ನನ್ನ ಅಮ್ಮನಿಗೂ ಇದನ್ನೇ ಕಳಿಸಿದ್ದು ಅಂದ." ಅವಳು ಉಸಿರು ತೆಗೆದುಕೊಂಡಳು. "ಈ ಊರಿಗೆ ಬಂದು ಆರು ವರ್ಷ. ಅಂಗಡಿಯಲ್ಲಿ ನನ್ನನ್ನು ಅಕ್ಕ ಅಂತ ಕರೆದದ್ದು ಅವನೊಬ್ಬನೇ. ನಾಲ್ಕನೇ ಸಲ ಹೇಗೆ ಕೇಳುವುದು?"

ಝಾಲಾ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಗಿರಿಜಾ ಹಿಂದಿಯಲ್ಲಿ ಹೇಳತೊಡಗಿದಳು. ಅಕ್ಕ ಎಂಬ ಒಂದು ಮಾತನ್ನು ಮಾತ್ರ ತಿರುಗಿಸದೆ ಕನ್ನಡದಲ್ಲೇ ಬಿಟ್ಟಳು.