ಸ್ಕ್ಯಾನಿನಲ್ಲಿ ಕಾಣದ ಪೆಟ್ಟು

“ಏಳೆಂಟ್ಲೆ ಎಷ್ಟು? ಹೇಳೋ!”

ಅಪ್ಪ ಮರದ ಸ್ಕೇಲನ್ನು ಮೇಜಿಗೆ ಬಡಿದರು. ಗಜಾನನ ಬಾಯಿ ತೆರೆದ, ಮತ್ತೆ ಮುಚ್ಚಿದ.

“ನಿನ್ನೆ ತಾನೇ ಹೇಳಿಕೊಟ್ಟಿದ್ದಲ್ವೇನೋ? ಏಳನೇ ಕ್ಲಾಸಿನವನಿಗೆ ಮಗ್ಗಿ ಬರಲ್ಲ ಅಂದ್ರೆ ಎಂತದು?”

“ಗೊತ್ತಿತ್ತು ಅಪ್ಪಾ... ಈಗ ಹೋಯ್ತು.”

ಸ್ಕೇಲು ಅವನ ಅಂಗೈ ಮೇಲೆ ಬಿತ್ತು. ಅಮ್ಮ ಒಳಗಿಂದ ಓಡಿಬಂದರು. “ಸಾಕು ಬಿಡಿ ಮಾರಾಯ್ರೆ! ಮೊನ್ನೆ ಮೊನ್ನೆ ಜ್ವರದಿಂದ ಎದ್ದ ಮಗು.”

“ಜ್ವರ ಬಿಟ್ಟು ಎಷ್ಟು ಕಾಲ ಆಯ್ತು? ಸ್ಕ್ಯಾನ್ ಕ್ಲಿಯರ್ ಅಂತ ಡಾಕ್ಟ್ರೇ ಹೇಳಿದ್ದಾರೆ. ಇದು ಬರೀ ನಾಟಕ!”

ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ತಂಗಿ ಶ್ರೀರಕ್ಷಾಗೂ ಹಾಗೇ ಅನ್ನಿಸಿತು. ಅಣ್ಣನಿಗೆ ಮೆದುಳುಜ್ವರ ಬಂದು, ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆ ಸೇರಿದ್ದಾಗ ಅವಳು ದಿನಾ ಅತ್ತಿದ್ದಳು. ಈಗ ನೋಡಿದರೆ ಹಾರ್ಲಿಕ್ಸ್ ಅವನಿಗೆ, ಕಿಟಕಿ ಪಕ್ಕದ ಮಂಚವೂ ಅವನಿಗೇ. ಓದು ಅಂದಾಗ ಮಾತ್ರ ಮರೆವು!

ಮರುದಿನ ಶಾಲೆಯಲ್ಲಿ ಇಂಟರ್ವಲ್ ಮುಗಿದು ಬೆಲ್ ಹೊಡೆಯಿತು. ಎಲ್ಲರೂ ಒಳಗೆ ಓಡಿದರು. ಗಜಾನನ ಮಾತ್ರ ಮೈದಾನದ ನಡುವೆ ನಿಂತೇ ಇದ್ದ. ತನ್ನ ಕ್ಲಾಸು ಯಾವುದೆಂದು ಅವನಿಗೆ ಹೊಳೆಯಲಿಲ್ಲ.

“ನಿಮ್ಮಣ್ಣಂದು ಸೂಪರ್ ಆಕ್ಟಿಂಗ್ ಕಣೇ!” ಎಂದ ಶ್ರೀರಕ್ಷಾಳ ಕ್ಲಾಸಿನ ಈಶಾನ, ಬಾಗಿಲಲ್ಲೇ ನಿಂತು. ಎಲ್ಲರೂ ನಕ್ಕರು. ಶ್ರೀರಕ್ಷಾ ಕೂಡ ನಕ್ಕಳು. ಅಣ್ಣ ಅವಳನ್ನೇ ನೋಡುತ್ತಿದ್ದ. ಅವಳು ಸರಕ್ಕನೆ ಕ್ಲಾಸಿನೊಳಗೆ ಹೋಗಿಬಿಟ್ಟಳು.

ಶನಿವಾರ ಅಣ್ಣನ ಚೆಕಪ್. ಘಟ್ಟ ಇಳಿದರೆ ಅಮ್ಮನಿಗೆ ವಾಂತಿ, ಹಾಗಾಗಿ ಅಪ್ಪ ಶ್ರೀರಕ್ಷಾಳನ್ನು ಜೊತೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ನರ್ಸ್ ಅಣ್ಣನ ತೂಕ ನೋಡಲು ಹೊರಗೆ ಕರೆದೊಯ್ದಾಗ ಅಪ್ಪ ದೂರು ಶುರು ಮಾಡಿದರು.

“ಸ್ಕ್ಯಾನ್ ಕ್ಲಿಯರ್ ಅಲ್ವಾ ಮೇಡಂ? ಆದ್ರೂ ಓದಕ್ಕೆ ಸೋಮಾರಿತನ ಇವನಿಗೆ.”

ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. “ಸ್ಕ್ಯಾನಲ್ಲಿ ಎಲ್ಲ ಪೆಟ್ಟೂ ಕಾಣಲ್ಲ. ಅಡ್ಮಿಟ್ ಆಗಿದ್ದಾಗ ಅವನ ಬೆನ್ನಿಂದ, ಮೆದುಳಿನ ಸುತ್ತ ಇರೋ ನೀರನ್ನೇ ಸ್ವಲ್ಪ ತೆಗೆದು ಟೆಸ್ಟಿಗೆ ಕಳಿಸಿದ್ವಲ್ಲ, ಅದರ ರಿಸಲ್ಟ್ ಈಗ ಬಂದಿದೆ. ಮೆದುಳಿನ ಜೀವಕೋಶಗಳ ಒಳಗೆ ಇರಬೇಕಾದ ಒಂದು ಪ್ರೋಟೀನು ಆ ನೀರಲ್ಲಿ ತುಂಬಾ ಇತ್ತು. ಜೀವಕೋಶಕ್ಕೆ ಪೆಟ್ಟಾದ್ರೆ ಅದು ಹೊರಗೆ ಸೋರತ್ತೆ.”

“ಸೋರಿದ್ದನ್ನ ವಾಪಸ್ ಹಾಕಕ್ಕಾಗಲ್ವಾ?” ಶ್ರೀರಕ್ಷಾ ಕೇಳಿದಳು.

“ಇಲ್ಲ ಪುಟ್ಟಾ. ಒಳಗೆ ಪೆಟ್ಟಾಗಿದೆ ಅನ್ನೋದಕ್ಕೆ ಅದೊಂದು ಗುರುತು ಅಷ್ಟೆ. ನಿಧಾನಕ್ಕೆ ಒಂದಷ್ಟು ಸರಿಹೋಗಬಹುದು. ಎಲ್ಲಾ ಸರಿಹೋಗತ್ತೆ ಅಂತ ನಾನು ಹೇಳಲ್ಲ.” ಆಮೇಲೆ ಅವರು ಅಪ್ಪನ ಕಡೆ ತಿರುಗಿದರು. “ಅವನು ಬೇಕಂತ ಮಾಡ್ತಿಲ್ಲ.”

ಅಪ್ಪ ಎದ್ದರು. ಹೊರಗೆ ಬಂದು ಅಣ್ಣನ ಕೈ ಹಿಡಿಯಲು ಹೋದರು. ಗಜಾನನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ವಾಪಸ್ ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ಬಸ್ಸು ಘಟ್ಟ ಹತ್ತುತ್ತಿತ್ತು.

“ಪುಟ್ಟೀ, ನಾನು ನಾಟಕ ಮಾಡ್ತಾ ಇದ್ನಾ?” ಅಣ್ಣ ಮೆಲ್ಲಗೆ ಕೇಳಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

“ಇಲ್ಲ ಅಣ್ಣ.”

ಅವನು ಕಿಟಕಿಯಾಚೆ ನೋಡುತ್ತ ಕೂತ. ಆಗುಂಬೆ ದಾಟಿತು. “ಪುಟ್ಟೀ, ನಾನು ನಾಟಕ ಮಾಡ್ತಾ ಇದ್ನಾ?”

ಶ್ರೀರಕ್ಷಾ ಅವನ ಕಡೆ ತಿರುಗಿದಳು. “ಇಲ್ಲ ಅಣ್ಣ. ಇಲ್ಲ!” ಎಂದಳು, ಮುಂದಿನ ಸೀಟಿಗೂ ಕೇಳುವ ಹಾಗೆ.

ಅಪ್ಪ ತಿರುಗಿ ನೋಡಲಿಲ್ಲ.

ಅಣ್ಣ ಸೋಮವಾರವೂ ಇದನ್ನೇ ಕೇಳಬಹುದು. ಶಾಲೆಯ ಮೈದಾನದಲ್ಲಿ, ಎಲ್ಲರೂ ನಗುತ್ತಿರುವಾಗ. ಅಲ್ಲಿ ಇಷ್ಟು ಜೋರಾಗಿ ಹೇಳುವುದು ಇನ್ನೂ ಕಷ್ಟ ಎಂದು ಶ್ರೀರಕ್ಷಾಗೆ ಅನ್ನಿಸಿತು.